ಚಾಮುಂಡಿ ಬೆಟ್ಟದ ಮೆಟ್ಟಿಲು ನಡಿಗೆ: ಈ ಸಲ ಕಲ್ಲು ನೋಡೋಕೆ ಅಂತಲೇ ಹತ್ತಿದೆ

ಚಿಕ್ಕಂದಿನಲ್ಲಿ ಅಜ್ಜಿ ಜೊತೆ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬೆಟ್ಟ ಹತ್ತಿದವಳು ನಾನು. 1008 ಮೆಟ್ಟಿಲಿಗೂ ಬಗ್ಗಿದ್ದೆ, ಕಲ್ಲನ್ನು ಮಾತ್ರ ನೋಡಿರಲಿಲ್ಲ. ಹೋದ ಭಾನುವಾರ 300 ರೂಪಾಯಿ ಕಟ್ಟಿ, ಮೈಸೂರಿನದೇ ಒಂದು ಸಣ್ಣ ತಂಡ ನಡೆಸುವ ನಡಿಗೆಗೆ ಹೋದಾಗ ಅದು ಗೊತ್ತಾಯಿತು.

ಬೆಳಿಗ್ಗೆ 6ಕ್ಕೆ ಪಾದದ ಹತ್ತಿರ ಬನ್ನಿ ಅಂದಿದ್ದರು, ಹೊರಟಿದ್ದು ಆರೂ ಮುಕ್ಕಾಲಿಗೆ. ಬಿಸಿಲೇರುವ ಮುಂಚೆ ಹತ್ತಬೇಕಾದ ಬೆಟ್ಟ ಇದು, ಹೀಗೆ ಕಾಯಿಸಬಾರದು.

ಆದರೆ ಕರೆದೊಯ್ದ ಹುಡುಗಿ ಭೂವಿಜ್ಞಾನ ಓದಿದವಳು. ಇನ್ನೂರು ಮೆಟ್ಟಿಲು ದಾಟಿದ ಮೇಲೆ ಒಂದು ಬಂಡೆ ಪಕ್ಕ ನಮ್ಮನ್ನು ನಿಲ್ಲಿಸಿ ಬಾಟಲಿ ನೀರನ್ನು ಅದರ ಮೇಲೆ ಸುರಿದಳು. ಧೂಳು ಹೋಗಿ ನಸುಗೆಂಪು ಹರಳುಗಳು ಎದ್ದು ಕಂಡವು, ಕೆಲವಂತೂ ನನ್ನ ಹೆಬ್ಬೆರಳಿನ ಉಗುರಿನಷ್ಟು. ಅದು ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ನಡುವೆ ಗಾಜಿನ ಚೂರಿನಂತಿದ್ದದ್ದು ಬೆಣಚು. ಕರಗಿದ ಕಲ್ಲು ನೆಲದಾಳದಲ್ಲೇ ನಿಧಾನಕ್ಕೆ ಆರಿದ್ದರಿಂದ ಹರಳು ಇಷ್ಟು ದಪ್ಪ ಬೆಳೆದವಂತೆ. ಅದಾಗಿ ಸುಮಾರು 80 ಕೋಟಿ ವರ್ಷ. ಮೇಲೆ ಮುಚ್ಚಿದ್ದ ಕಲ್ಲೆಲ್ಲ ಸವೆದು ಹೋದ ಮೇಲೆ ಹೊರಗೆ ಬಂದದ್ದು ಈ ಬೆಟ್ಟ. ಸುತ್ತಲ ಬಯಲಿನ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು, 300 ಕೋಟಿ ವರ್ಷದ ಆಸುಪಾಸಿನದು. ಇಲ್ಲಿ ಬೆಟ್ಟವೇ ಕಿರಿಯ! ಆ ಒದ್ದೆ ಬಂಡೆ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ನಿಂತೆ.

ನಂದಿಯೂ ಇದೇ ಕಲ್ಲು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ್ದು. ಬೇರೆಲ್ಲಿಂದಲೋ ತಂದು ಕೂರಿಸಿದ್ದಲ್ಲ, ಅಲ್ಲೇ ಇದ್ದ ಬಂಡೆಯನ್ನು ಕಡೆದದ್ದು. ಎಣ್ಣೆ ಹಚ್ಚಿ ಹಚ್ಚಿ ಮೈ ಕಪ್ಪಾಗಿದೆ, ಅಷ್ಟೇ.

2021ರ ಅಕ್ಟೋಬರ್ ಮಳೆಗೆ ನಂದಿ ಕಡೆಯ ರಸ್ತೆ ಕುಸಿದಿತ್ತಲ್ಲ, ಅದನ್ನೂ ಹೇಳಿದಳು. ಎಂಥ ಗಟ್ಟಿ ಕಲ್ಲಾದರೂ ಮೇಲ್ಮೈ ಶಿಥಿಲವಾಗಿ ಮರಳುಮಣ್ಣಾಗುತ್ತೆ, ನೀರು ಕುಡಿದರೆ ಜಾರುತ್ತೆ. ಬೆಟ್ಟದ ಮೇಲೆ ಇನ್ನಷ್ಟು ಕಟ್ಟಡ ಅನ್ನೋ ಮಾತು ಬಂದಾಗೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತೆ.

ನಿರಾಸೆಯಾಗಿದ್ದು ತುದಿಯಲ್ಲಿ. ಅಮ್ಮನವರ ಗುಡಿಗಿಂತ ಹಳೆಯದಾದ ಮಹಾಬಲೇಶ್ವರನ ಗುಡಿಯನ್ನು ಐದೇ ನಿಮಿಷದಲ್ಲಿ ಮುಗಿಸಿಬಿಟ್ಟರು. ಬೆಟ್ಟಕ್ಕೆ ಮೊದಲು ಮಹಾಬಲಾದ್ರಿ ಅಂತ ಹೆಸರು ಬಂದದ್ದೇ ಆ ದೇವರಿಂದ. ಅಲ್ಲಿ ಅರ್ಧ ಗಂಟೆಯಾದರೂ ಬೇಕಿತ್ತು, ಬಾಯಿಬಿಟ್ಟು ಹೇಳಿ ಬಂದಿದ್ದೇನೆ.

ಮಂಡಿನೋವು ಇರುವವರು ಇಳಿಯೋಕೆ ಬಸ್ಸು ಹಿಡಿಯಿರಿ. ಆಷಾಢ ಶುಕ್ರವಾರಗಳ ನೂಕುನುಗ್ಗಲು ಮುಗಿದ ಮೇಲೆ ಅಕ್ಕನ ಮಗನನ್ನು ಕರೆದುಕೊಂಡು ಮತ್ತೆ ಹೋಗುತ್ತಿದ್ದೇನೆ, ಇಬ್ಬರ ಹಣವೂ ಕಟ್ಟಿಯಾಯಿತು.