ಸಿಂಹದ ಡಾಲ್ಡರ್, ಬೆಳ್ಳಿ ಡುಕಾಟ್, ರೈಡರ್: ಮೂರನ್ನೂ ಕೊಂಡು ನೋಡಿದೆ

ಹಳೇ ಏಳು ಡಚ್ ಪ್ರಾಂತ್ಯಗಳ (ಈಗಿನ ನೆದರ್ಲೆಂಡ್ಸ್) ಬೆಳ್ಳಿ ನಾಣ್ಯ ಕೂಡಿಸಲು ಹೊರಟವರಿಗೆ ಈ ಮೂರೂ ಬೇಗ ಎದುರಾಗುತ್ತವೆ. ನಾಲ್ಕು ವರ್ಷದಲ್ಲಿ ಮೂರನ್ನೂ ಕೊಂಡೆ. ಒಂದನ್ನು ಮಾರಿಯೂ ಬಿಟ್ಟೆ.

ಮಾರಿದ್ದು ರೈಡರ್. ಲೆಕ್ಕ ನೋಡಿದರೆ ಅದೇ ದೊಡ್ಡದು: 1659ರಲ್ಲಿ ಶುರುವಾದದ್ದು, 32.78 ಗ್ರಾಂ, ನೂರಕ್ಕೆ 94 ಪಾಲು ಬೆಳ್ಳಿ, ಮೇಲೆ ಕತ್ತಿ ಎತ್ತಿ ಕುದುರೆ ಓಡಿಸುವ ಸವಾರ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇಂಥ ಬೆಳ್ಳಿಯನ್ನು ಪೆಟ್ಟಿಗೆಗಟ್ಟಲೆ ಏಷ್ಯಾಕ್ಕೆ ತರುತ್ತಿದ್ದವು. 1743ರಲ್ಲಿ ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ಮುಳುಗಿದ ಆ ಕಂಪನಿಯ ಹಡಗು ಹೊಲಾಂಡಿಯಾ 1971ರಲ್ಲಿ ಸಿಕ್ಕಿತು. ಹೀಗೆ ಸಮುದ್ರದಿಂದ ಎತ್ತಿದ ನಾಣ್ಯಗಳೂ ಮಾರಾಟಕ್ಕೆ ಬರುತ್ತವೆ. ನನ್ನದೂ ಸಮುದ್ರದ್ದೇ. ಮಾರಿದವರು ಅದನ್ನು ವಿವರದ ಕೊನೇ ಸಾಲಿನಲ್ಲಿ ಬರೆದಿದ್ದರು, ನಾನು ಓದಿರಲಿಲ್ಲ. ತಕ್ಕಡಿಗೆ ಹಾಕಿದರೆ 28.9 ಗ್ರಾಂ! ಉಪ್ಪುನೀರು ಗೆದ್ದಲಿನ ಹಾಗೆ ತಿಂದಿತ್ತು. ಕುದುರೆ ಕಾಲು ಉಳಿದಿತ್ತು, ಸವಾರನ ಮುಖ ಇರಲಿಲ್ಲ.

ಬೆಳ್ಳಿ ಡುಕಾಟೂ 1659ರದ್ದೇ. 28.25 ಗ್ರಾಂ, ಬೆಳ್ಳಿ ಸುಮಾರು 87 ಪಾಲು. ನಿಂತ ಯೋಧ, ಕಾಲ ಹತ್ತಿರ ಪ್ರಾಂತ್ಯದ ಲಾಂಛನ. ಪ್ರಾಂತ್ಯ ಬದಲಾದರೆ ಬದಲಾಗುವುದು ಮುಖ್ಯವಾಗಿ ಆ ಲಾಂಛನ ಮತ್ತು ಅಂಚಿನ ಸುತ್ತ ಲ್ಯಾಟಿನ್‌ನಲ್ಲಿ ಚುಟುಕಾಗಿ ಬರೆದ ಪ್ರಾಂತ್ಯದ ಹೆಸರು. ‘ಟ್ರಾಯ್’ ಅಂದರೆ ಉಟ್ರೆಕ್ಟ್. ‘ಟ್ರಾನ್ಸಿ’ ಬಿಡಿಸಲು ನನಗೆ ಒಂದು ಸಂಜೆ ಬೇಕಾಯಿತು: ಐಸೆಲ್ ನದಿಯ ಆಚೆ, ಅಂದರೆ ಓವರೈಸೆಲ್. ಪ್ರಾಂತ್ಯಕ್ಕೊಂದರಂತೆ ಜೋಡಿಸುವ ಆಸೆ ಇದ್ದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ. ಝೀಲ್ಯಾಂಡ್, ಉಟ್ರೆಕ್ಟಿನವು ಸುಲಭವಾಗಿ ಸಿಗುತ್ತವೆ. ಆದರೆ ಒಂದು ಮಾತು, ಸ್ವಲ್ಪ ಬೋರು. ಏಳು ಪ್ರಾಂತ್ಯದವೂ ಒಂದೇ ತರಹ ಅಲ್ವಾ?

ಸಿಂಹದ ಡಾಲ್ಡರ್ ಇವೆರಡಕ್ಕಿಂತ ಹಳೆಯದು, 1575ರಲ್ಲಿ ಹಾಲೆಂಡ್ ಪ್ರಾಂತ್ಯ ಶುರುಮಾಡಿದ್ದು. 27.68 ಗ್ರಾಂ, ಬೆಳ್ಳಿ ಬರೀ 75 ಪಾಲು. ಹೊರದೇಶದ ವ್ಯಾಪಾರಕ್ಕೆ, ಅದರಲ್ಲೂ ಆಟೊಮನ್ ರಾಜ್ಯಕ್ಕೆ ರಾಶಿರಾಶಿ ಹೋಯಿತು. ಅವಸರದ ಕೆಲಸ, ಅಚ್ಚು ಸರಿಯಾಗಿ ಒತ್ತಿಲ್ಲ. ನನ್ನದು ಕಾಂಪೆನ್ ಊರಿನದು. ಇದರ ಮೇಲೂ ಒಬ್ಬ ಯೋಧ ಇದ್ದಾನೆ, ಅವನ ಮುಖ ಸಪಾಟಾಗಿತ್ತು, ಸವೆದಿದೆ ಅಂದುಕೊಂಡು ಚೌಕಾಸಿ ಮಾಡಿದೆ. ಅಂಗಡಿಯವರು ನಕ್ಕು ಭೂತಗನ್ನಡಿ ಕೊಟ್ಟರು. ಪಕ್ಕದ ಅಕ್ಷರಗಳ ಅಂಚು ಇನ್ನೂ ಚೂಪಾಗಿತ್ತು. ಮುಖ ಅಳಿಸಿರಲಿಲ್ಲ, ಅದು ಮೂಡಿಯೇ ಇರಲಿಲ್ಲ! ಸಿಂಹವೂ ಅಷ್ಟೇ. ಅರಬರು ಅದನ್ನು ನಾಯಿ ಅಂದುಕೊಂಡು ‘ಅಬು ಕಲ್ಬ್’, ನಾಯಿಯಪ್ಪ ಅಂತ ಕರೆದರು. ರೊಮೇನಿಯಾದ ಹಣ ‘ಲೆಯು’ವಿನ ಹೆಸರೂ ಇದರ ಸಿಂಹದಿಂದಲೇ ಬಂದದ್ದು.

ಡುಕಾಟ್ ಆಲ್ಬಮ್ಮಿನಲ್ಲಿದೆ. ಮನೆಗೆ ಯಾರಾದರೂ ಬಂದರೆ ನಾನು ಸುಮ್ನೆ ಹೊರತೆಗೆಯುವುದು ಈ ನಾಯಿಯಪ್ಪನನ್ನೇ. ಕಳೆದ ದೀಪಾವಳಿಗೆ ಅಮ್ಮ ಬೆಳ್ಳಿ ದೀಪಗಳ ಜೊತೆ ಇದನ್ನೂ ವಿಭೂತಿ ಹಾಕಿ ತಿಕ್ಕಲು ಎತ್ತಿಕೊಂಡಿದ್ದರು. ಓಡಿಹೋಗಿ ಕಿತ್ತುಕೊಂಡೆ. ಹಳೇ ಬೆಳ್ಳಿಗೆ ಹಿಡಿದ ಆ ಕಪ್ಪು ಹೋದರೆ ಬೆಲೆಯೂ ಹೋಯಿತು. ಕಪ್ಪಗಿದ್ದರೆ ಲಕ್ಷ್ಮಿ ಬರಲ್ಲ ಅಂತ ಅಮ್ಮ ಇವತ್ತಿಗೂ ಗೊಣಗುತ್ತಾರೆ.