ಜಿಂಕ್ ಎಪಾಕ್ಸಿ ಪ್ರೈಮರ್: ಪೀಣ್ಯದ ಶೆಡ್ಡುಗಳಿಗೆ ಹೇಗಿದೆ?

ಪೀಣ್ಯದ ಕಾರ್ಖಾನೆಗಳ ಕಂಬ, ಟ್ಯಾಂಕುಗಳಿಗೆ ಎರಡು ಡಬ್ಬಿ ಬೆರೆಸಿ ಬಳಿಯುವ ಜಿಂಕ್ ಎಪಾಕ್ಸಿ ಪ್ರೈಮರ್ (ಸತುವಿನ ಪುಡಿ ಇರುವ ಮೊದಲ ಕೋಟ್) ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರಿಗಿಂತ ಎಷ್ಟೋ ಮೇಲು. ಗೀರು ಬಿದ್ದರೂ ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಅದಕ್ಕೆ ಸತುವಿನ ಕಣ ಉಕ್ಕನ್ನು ಮುಟ್ಟಲೇಬೇಕು. ಹಳೇ ತುಕ್ಕಿನ ಮೇಲೆ ಬಳಿದರೆ ದುಡ್ಡು ದಂಡ. ಎಸ್‌ಎ 2.5 ಮಟ್ಟಕ್ಕೆ, ಅಂದರೆ ತುಕ್ಕೆಲ್ಲ ಹೋಗಿ ಉಕ್ಕು ಹೆಚ್ಚುಕಮ್ಮಿ ಬೆಳ್ಳಗಾಗುವಷ್ಟು, ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಗರಸು ಕಣ ಹೊಡೆಯುವುದು) ಮಾಡಿಸಿ, 4 ಗಂಟೆಯೊಳಗೆ ಹೊಡೆಸಿ. ಒಣಗಿದ ಮೇಲೆ 60–75 ಮೈಕ್ರಾನ್ ದಪ್ಪ ಸಾಕು. ಸತುವು ಭಾರ, ತಳ ಹಿಡಿಯುತ್ತದೆ. ಕೆಲಸ ಮುಗಿಯುವವರೆಗೂ ಕಲಕುತ್ತಿರಬೇಕು. ಪೇಂಟರುಗಳು ಎಡವುವುದು ಇಲ್ಲೇ! ಮಳೆಗಾಲದ ಬೆಳಗ್ಗೆ ತೇವಾಂಶ ಶೇ. 85 ದಾಟಿದ್ದರೆ ಕೈ ಹಾಕಬೇಡಿ. ಉಕ್ಕಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಲಿ. ಆಸಿಡ್ಡಿನಲ್ಲಿ ಲೋಹ ತೊಳೆಯುವ ಪಿಕ್ಲಿಂಗ್ ಶೆಡ್ಡಿಗೆ ಮಾತ್ರ ಇದನ್ನೊಂದನ್ನೇ ನಂಬಬೇಡಿ, ಆಸಿಡ್ ಸತುವನ್ನೇ ತಿಂದುಹಾಕುತ್ತದೆ. ಬಿಸಿಲು ಬೀಳುವಲ್ಲಿ ಎಪಾಕ್ಸಿಯ ಮೇಲೆ ಪಾಲಿಯುರೆಥೇನ್ ಕೋಟ್ ಬೇಕೇ ಬೇಕು.