ಉರಾಕ್, ಫೆನಿ, ಪೋರ್ಟ್ ವೈನ್: ಗೋವಾದಲ್ಲಿ ಯಾವುದನ್ನು ಕುಡಿಯಬೇಕು, ಯಾವುದನ್ನು ಒಯ್ಯಬೇಕು?

ಗೋವಾಕ್ಕೆ ಬಂದವರಲ್ಲಿ ಬಹಳ ಜನ ವಾಪಸ್ ಹೋಗುವಾಗ ಪೋರ್ಟ್ ವೈನ್ ಬಾಟಲಿ ಹಿಡಿದು ಹೋಗುತ್ತಾರೆ. ವೈನ್ ಅಂದರೆ ಗೋವಾ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ಆದರೆ ಗೋವಾದಲ್ಲಿ ವೈನ್‌ಗೆ ಆಗುವಷ್ಟು ದ್ರಾಕ್ಷಿ ಬೆಳೆಯುವುದಿಲ್ಲ. ಇಲ್ಲಿನ ಸೆಕೆ, ಜೂನ್‌ನಿಂದ ಸುರಿಯುವ ಮಳೆ ದ್ರಾಕ್ಷಿ ಬಳ್ಳಿಗೆ ಆಗಿಬರಲ್ಲ. ದ್ರಾಕ್ಷಿ ತೋಟದ ನಡುವೆ ಕೂತು ವೈನ್ ರುಚಿ ನೋಡಬೇಕು ಅಂದರೆ ನಾಸಿಕ್‌ಗೇ ಹೋಗಬೇಕು. ಇಲ್ಲಿ ನೆಲದ ಹಣ್ಣು ಅಂದರೆ ಗೇರು, ನೆಲದ ಮರ ಅಂದರೆ ತೆಂಗು. ಹಾಗಾಗಿ ಈ ಬೇಸಿಗೆಯಲ್ಲಿ ನಾನೂ ನಮ್ಮವರೂ ವಾಸ್ಕೋದ ಮನೆಯಿಂದ ಕಾರು ತೆಗೆದು ಊರೂರು ಸುತ್ತಿ, ಇವೆರಡರಿಂದ ಭಟ್ಟಿ ಇಳಿಸುವ ಉರಾಕ್, ಫೆನಿಯನ್ನೂ ಪೋರ್ಟ್ ವೈನನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿದೆವು.

ಒಂದು ನಿಯಮ ಮೊದಲೇ ಮಾಡಿಕೊಂಡಿದ್ದೆವು. ಸ್ಟೀರಿಂಗ್ ಹಿಡಿದವರಿಗೆ ಆ ದಿನ ಮೂಸಿ ನೋಡುವ ಅವಕಾಶ ಮಾತ್ರ. ಅವರ ಪಾಲು ಸಣ್ಣ ಗಾಜಿನ ಬಾಟಲಿಯಲ್ಲಿ ಮನೆಗೆ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಫೆನಿ ಕುಡಿಯುವವರಿಗೆ ಅದು ಏನೇನೂ ಅಲ್ಲ, ಬೇಗ ದಾಟಿಬಿಡುತ್ತೆ. ಘಟ್ಟದ ಬುಡದ ಆ ತಿರುವುಗಳಲ್ಲಿ ಹುಡುಗಾಟ ಬೇಡ.

ಮೊದಲು ಉರಾಕ್, ಅಂದರೆ ಗೇರು ಹಣ್ಣಿನ ರಸದಿಂದ ಮೊದಲ ಸಲ ಇಳಿಸಿದ್ದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಫೋಂಡಾ, ಉಸಗಾಂವ್ ದಾಟಿ ವಾಳ್ಪೈ ಕಡೆ ಹೋದರೆ ಸತ್ತರಿ ತಾಲ್ಲೂಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾರಿನ ಕಿಟಕಿ ಇಳಿಸಿದರೆ ಸಾಕು, ಗೇರು ಹಣ್ಣಿನ ವಾಸನೆ ಒಳಗೆ ನುಗ್ಗುತ್ತೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗಿಡ ಈಗ ಇಲ್ಲಿನ ಗುಡ್ಡವನ್ನೆಲ್ಲ ತುಂಬಿದೆ. ಫೆನಿಗೆ ಹಣ್ಣನ್ನು ಕೀಳುವುದಿಲ್ಲ. ತಾನಾಗಿ ಬಿದ್ದದ್ದನ್ನು ಆರಿಸಿ, ಬೀಜ ತಿರುಚಿ ತೆಗೆದು, ಹಣ್ಣನ್ನು ತುಳಿಯುತ್ತಾರೆ. ತುಳಿದ ಹಿಪ್ಪೆಯ ಮೇಲೆ ಭಾರದ ಕಲ್ಲು ಹೇರಿ ಬಿಟ್ಟರೆ ರಾತ್ರಿಯಿಡೀ ತಿಳಿರಸ ತೊಟ್ಟಿಕ್ಕುತ್ತೆ. ಅದು ನೀರೊ. ಸಿಹಿಯಾಗಿರುತ್ತೆ, ಕೊನೆಯಲ್ಲಿ ಗಂಟಲು ಸ್ವಲ್ಪ ಒಗರಾಗುತ್ತೆ. ಬಿಸಿಲಲ್ಲಿ ಅದಕ್ಕಿಂತ ಒಳ್ಳೆಯ ಪಾನೀಯ ಇಲ್ಲ, ಅಮಲೂ ಇಲ್ಲ.

ತುಳಿದು ತೆಗೆದ ರಸವನ್ನು ಕೆಲವು ದಿನ ಹುಳಿ ಬರಿಸಿ ಭಟ್ಟಿ ಇಳಿಸುತ್ತಾರೆ. ನಾವು ಹೋದ ಭಟ್ಟಿ ತಗಡಿನ ಮಾಡಿನ ಒಂದು ಗುಡಿಸಲು. ಒಲೆಯ ಮೇಲೆ ತಾಮ್ರದ ಹಂಡೆ, ಬಾಯಿಗೆ ಮಣ್ಣು ಮೆತ್ತಿದೆ. ಅದರಿಂದ ಹೊರಟ ಕೊಳವೆ ಪಕ್ಕದ ಮಡಕೆಯೊಳಗೆ ಹೋಗುತ್ತೆ. ಅಲ್ಲಿದ್ದ ಹಿರಿಯರು ಚಿಪ್ಪಿನಲ್ಲಿ ತಣ್ಣೀರು ಮೊಗೆದು ಆ ಮಡಕೆಯ ಮೇಲೆ ಸುರಿಯುತ್ತಲೇ ಇದ್ದರು. ಮಡಕೆ ಬಿಸಿಯಾದರೆ ಆವಿ ನೀರಾಗಲ್ಲ, ಹಾಗೇ ಹೋಗಿಬಿಡುತ್ತೆ. ಮಾತಾಡುವಾಗಲೂ ಅವರ ಕೈ ನಿಲ್ಲಲಿಲ್ಲ. ನಮ್ಮವರು ಕುಮಟೆಯವರು, ಕೊಂಕಣಿ ಬರುತ್ತೆ. ಮಾತು ಕೂಡಿದ ಮೇಲೆ ಆ ಹಿರಿಯರು ಸ್ಟೀಲ್ ಲೋಟದಲ್ಲಿ ಬೆಚ್ಚಗಿನ ಉರಾಕ್ ಕೊಟ್ಟು, “ನಿಧಾನ ಬಾಯೇ, ಬಿಸಿಲಿದೆ” ಅಂದರು.

ಒಂದೇ ಸಲ ಇಳಿಸಿದ್ದರಿಂದ ಉರಾಕ್ ಹಗುರ. ಸುಮಾರು ಶೇಕಡಾ 15ರಿಂದ 20 ಆಲ್ಕೋಹಾಲ್. ಹಣ್ಣಿನ ಪರಿಮಳ ಎದ್ದು ಬರುತ್ತೆ, ಸ್ವಲ್ಪ ಹೊಗೆ ವಾಸನೆಯೂ ಇದೆ. ಲಿಮ್ಕಾ, ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿದರೆ ಪಣಜಿಯ ಹಳೇ ಬಾರುಗಳಲ್ಲಿ ಕೊಡುವ ಹಾಗೆ ಆಗುತ್ತೆ. ಮೆಣಸಿನಕಾಯಿ ಬಿಡಬೇಡಿ, ರುಚಿ ಕೂರುವುದೇ ಅದರಿಂದ. ಇದರ ಕೊರತೆ ಒಂದೇ. ಇಟ್ಟಷ್ಟು ದಿನ ಘಮ ಇಳಿಯುತ್ತೆ. ಮಳೆ ಬಿತ್ತು ಅಂದರೆ ಹಣ್ಣೂ ಇಲ್ಲ, ಉರಾಕೂ ಇಲ್ಲ.

ಇದೇ ಉರಾಕ್‌ಗೆ ಹುಳಿ ಬಂದ ರಸ ಸೇರಿಸಿ ಮತ್ತೊಮ್ಮೆ ಇಳಿಸಿದರೆ ಗೇರು ಫೆನಿ. ಈಗ ಅಮಲು ಶೇಕಡಾ 42ರ ಆಸುಪಾಸು. 2009ರಲ್ಲಿ ಇದಕ್ಕೆ ಜಿಐ, ಅಂದರೆ ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ರಾಜ್ಯದ ಪಾರಂಪರಿಕ ಪಾನೀಯ ಎಂದು ಘೋಷಿಸಿತು. ಒಳ್ಳೆಯ ಫೆನಿಗೆ ಆ ಮಾನ ಸಲ್ಲಬೇಕಾದದ್ದೇ. ಆದರೆ ಒಳ್ಳೆಯದು ಮತ್ತು ಕೆಟ್ಟದ್ದರ ನಡುವೆ ಅಜಗಜಾಂತರ. ಬೀಚ್ ರಸ್ತೆಯ ಒಂದು ಅಂಗಡಿಯಲ್ಲಿ ಚಂದದ ಬಾಟಲಿಯಲ್ಲಿ ಕೊಂಡದ್ದು ಬರೀ ಸ್ಪಿರಿಟ್ ವಾಸನೆ ಹೊಡೆಯಿತು. ಅದರ ನಾಲ್ಕು ಹನಿ ಒಂದು ಅಂಗೈಗೆ, ಸತ್ತರಿಯದ್ದು ಇನ್ನೊಂದಕ್ಕೆ ಹಾಕಿ ಉಜ್ಜಿದೆವು. ಅಂಗಡಿಯದ್ದು ಆರಿದ ಮೇಲೆ ಏನೂ ಉಳಿಯಲಿಲ್ಲ. ಸತ್ತರಿಯದ್ದು ಬಹಳ ಹೊತ್ತು ಗೇರು ಹಣ್ಣಿನ ವಾಸನೆ ಹಿಡಿದುಕೊಂಡಿತ್ತು. ಕೊಳ್ಳುವ ಮುಂಚೆ ಹೀಗೆ ನೋಡೋಕೆ ಬಿಡುವ ಜಾಗದಲ್ಲೇ ಕೊಳ್ಳಿ.

ಕಾನ್ಸಾವ್ಲಿಯಲ್ಲಿ ಕಾಜುಲೊದವರ ಫೆನಿ ನೆಲಮಾಳಿಗೆ ಇದೆ. ಬಳ್ಳಿಯ ಬುಟ್ಟಿ ತೊಡಿಸಿದ ದೊಡ್ಡ ಹೊಟ್ಟೆಯ ಹಳೇ ಗಾಜಿನ ಬುದ್ದಲಿಗಳಲ್ಲಿ ಫೆನಿ ಇಟ್ಟಿರುತ್ತಾರೆ. ರುಚಿ ಕಲಿಯಬೇಕು ಅನ್ನುವವರಿಗೆ ಇದು ಒಳ್ಳೆಯ ಜಾಗ. ಅವರು ದುಕ್ಶಿರಿ ಫೆನಿಯನ್ನೂ ಮಾಡುತ್ತಾರೆ. ದುಕ್ಶಿರಿ ಅಂದರೆ ನಮ್ಮ ಸೊಗದೆ ಬೇರು. ಮೂಗಿಗೆ ಹಿಡಿದ ಕೂಡಲೇ ಶರಬತ್ತು ನೆನಪಾಗುತ್ತೆ. ಫೆನಿಯ ಘಾಟು ಆಗದವರು ಇಲ್ಲಿಂದ ಶುರು ಮಾಡಬಹುದು.

ಇನ್ನು ತೆಂಗಿನ ಫೆನಿ. ಜಿಐ ಸಿಕ್ಕಿರುವುದು ಗೇರಿನದಕ್ಕೆ ಮಾತ್ರ, ಇದನ್ನು ಕೇಳುವವರೇ ಕಡಿಮೆ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಮರ ಹತ್ತಿ ಇಳಿಸಿದ ಶೇಂದಿಯಿಂದ ಇದನ್ನು ಮಾಡುತ್ತಾರೆ, ಸೀಸನ್ ಅಂತ ಇಲ್ಲ. ಆದರೆ ದಿನಾ ಬೆಳಿಗ್ಗೆ, ಸಂಜೆ ಮರ ಹತ್ತುವ ರೆಂದೇರರು ಕಡಿಮೆಯಾಗುತ್ತಿದ್ದಾರೆ. ‘ಸಣ್ಣ’ ಅನ್ನುವ ಇಡ್ಲಿಯಂಥ ತಿಂಡಿ ಮಾಡುವುದಕ್ಕೂ, ವಿಂದಾಲೂಗೆ ಬೇಕಾದ ವಿನೆಗರ್‌ಗೂ ಅದೇ ಶೇಂದಿ ಬೇಕು. ಅವರ ಕಸುಬು ನಿಂತರೆ ಅಡುಗೆಮನೆಯೂ ಬದಲಾಗುತ್ತೆ. ಬಾಣಾವಳಿ ಕಡೆ ಸಿಕ್ಕ ತೆಂಗಿನ ಫೆನಿ ಗೇರಿನದಕ್ಕಿಂತ ಮೆತ್ತಗಿತ್ತು. ಘಾಟು ಕಡಿಮೆ, ಕೊನೆಯಲ್ಲಿ ತೆಳು ಸಿಹಿ. ಕರಿದ ಬಂಗುಡೆ ಜೊತೆ ನಾನು ಇದನ್ನೇ ಆರಿಸುತ್ತೇನೆ. ನಮ್ಮವರು ಒಪ್ಪಲಿಲ್ಲ. “ಮೀನಿಗೆ ಎದುರು ನಿಲ್ಲೋದು ಗೇರು ಫೆನಿ ಮಾತ್ರ ಮಾರಾಯ್ತಿ” ಅನ್ನುವುದು ಅವರ ವಾದ. ರವೆ ಹಚ್ಚಿ ಕರಿದದ್ದಾದರೆ ನಾನು ಹೇಳಿದ್ದು ಸರಿ, ಖಾರದ ರೆಶಾದ್ ಮಸಾಲೆ ತುಂಬಿದ್ದಾದರೆ ಅವರು ಹೇಳಿದ್ದು.

ಪೋರ್ಟ್ ವೈನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೋರ್ಚುಗಲ್‌ನ ದೋರು ಕಣಿವೆಯ ಪೋರ್ಟ್‌ನಲ್ಲಿ ಹುಳಿ ಬರುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ಸಿಹಿ ಉಳಿಸುತ್ತಾರೆ. ಅಮಲು ಶೇಕಡಾ 19ರಿಂದ 22. ಇಲ್ಲಿ ಆ ಹೆಸರಲ್ಲಿ ಮಾರುವ ಅಗ್ಗದ ಬಾಟಲಿಗಳನ್ನು ಕುಡಿದರೆ ನಾಲಿಗೆಗೆ ಸಿಗುವುದು ಸಕ್ಕರೆ, ಆಮೇಲೆ ಬೆಂಗಳೂರು ಬ್ಲೂ ದ್ರಾಕ್ಷಿಯಂಥ ವಾಸನೆ. ಮನೆಯಲ್ಲಿ ಕ್ರಿಸ್‌ಮಸ್ ಕೇಕ್‌ಗೆ ಒಣಹಣ್ಣು ನೆನೆಸೋಕೆ ಚೆನ್ನಾಗಿದೆ. ಗೋವಾದ ನೆನಪಿಗೆ ಅಂತ ಒಯ್ಯುವುದಾದರೆ ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಇಲ್ಲಿನ ಮಣ್ಣಿನದು ಏನೂ ಇಲ್ಲ, ಅಲ್ವಾ?

ಹೀಗಾಗಿ, ಬೇಸಿಗೆಯಲ್ಲಿ ಬಂದವರು ಉರಾಕ್ ಇಲ್ಲೇ ಕುಡಿದು ಹೋಗಿ, ಕಟ್ಟಿಸಿಕೊಂಡು ಹೋಗಬೇಡಿ. ಮಾರ್ಚ್ ಕೊನೆಯಿಂದ ಮೇ ಶುರುವಿನವರೆಗೆ ಒಳ್ಳೆಯ ಸಮಯ. ಮಳೆಗಾಲ, ಚಳಿಗಾಲದಲ್ಲಿ ಬಂದವರು ತೆಂಗಿನ ಫೆನಿ ಹುಡುಕಿ. ಊರಿಗೆ ಒಯ್ಯೋಕೆ ಗೇರು ಫೆನಿಯೇ ಸರಿ, ಕೆಡುವ ಭಯವಿಲ್ಲ. ಗಾಜಿನ ಬಾಟಲಿಯಲ್ಲೇ ತಗೊಳ್ಳಿ, ಪ್ಲಾಸ್ಟಿಕ್‌ನಲ್ಲಿಟ್ಟದ್ದು ವಾಸನೆ ಕೆಟ್ಟಿತು. ಬಿಲ್ ಜೋಪಾನವಾಗಿಟ್ಟುಕೊಳ್ಳಿ, ಎಷ್ಟು ಒಯ್ಯಬಹುದು ಅಂತ ಅಬಕಾರಿ ನಿಯಮ ಮೊದಲೇ ಕೇಳಿಕೊಳ್ಳಿ. ಕಾರವಾರದ ದಾರಿಯಲ್ಲಿ ಹೋಗುವವರಿಗೆ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ತಪಾಸಣೆ ಇರುತ್ತೆ.